ಹೆದರಿಕಿ ಆಗ್ತದೇನ್ರಿ?

ಸಯನ್ನಿನ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯವರಿಗೆ ರೋಗಿಗಳ ಆರೈಕೆ ಕಲಿಸುವ ಭುವನೇಶ್ವರಿ ಟೀಚರ್ ಅರ್ಧ ಪಾಠವನ್ನು ಮಲಗಿಕೊಂಡೇ ಮಾಡುತ್ತಾರೆ. ಸೋಮಾರಿತನವಲ್ಲ. ಅಭ್ಯಾಸಕ್ಕಿದ್ದ ಪ್ಲಾಸ್ಟಿಕ್ ಗೊಂಬೆಯ ಸೊಂಟ ಮುರಿದ ಮೇಲೆ ರೋಗಿಯಾಗಲು ಬೇರೆ ಯಾರೂ ಸಿಗಲಿಲ್ಲ. ಲಕ್ವಾ ಹೊಡೆದವರಂತೆ ಮೈ ಬಿಟ್ಟು ಬಿದ್ದುಕೊಳ್ಳುವ ಈ ವಿಜಯಪುರದ ಹೆಣ್ಣುಮಗಳನ್ನು ಎತ್ತಿ ಎತ್ತಿಯೇ ಮಕ್ಕಳು ಪಾಸಾಗಿದ್ದಾರೆ.

ಅವರದೊಂದು ಹಟ. ಎತ್ತುವ ಮೊದಲು ರೋಗಿಯ ಭಾಷೆಯಲ್ಲೇ ಕೇಳಬೇಕು, ಹೆದರಿಕಿ ಆಗ್ತದೇನ್ರಿ ಅಂತ. ಪಠ್ಯದಲ್ಲಿ ಇದಕ್ಕೆ ಅಂಕವಿಲ್ಲ. ಮಕ್ಕಳು ಮುಸಿಮುಸಿ ನಗುತ್ತಲೇ ಕೇಳುತ್ತಿದ್ದರು. ಟೀಚರ್ ಪ್ರತಿಸಲವೂ, "ಇಲ್ಲವ್ವಾ, ಎತ್ತು" ಅನ್ನುತ್ತಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಮೊದಲೇ ಮರಾಠಿಯಲ್ಲಿ ಗದರಿದರು. ರೋಗಿ ಹೇಳಿಕೊಟ್ಟರೆ ಹುಡುಗಿ ಫೇಲ್. ಸರದಿ ವಿಜೇತಾಳದು. ಹೋದ ವರ್ಷ ಇದರಲ್ಲೇ ಫೇಲಾದವಳು. ಈ ಸಲವೂ ಫೇಲಾದರೆ ಓದು ಬಿಡಿಸಿ ಗ್ರಾಂಟ್ ರೋಡಿನ ಮಾವನ ಹೋಟೆಲಿನಲ್ಲಿ ತರಕಾರಿ ಹೆಚ್ಚಲು ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅವಳು ಗಾಲಿಕುರ್ಚಿಯನ್ನು ಮಂಚಕ್ಕೆ ತಾಗಿಸಿ ನಿಲ್ಲಿಸಿದಳು. ಬ್ರೇಕ್ ಹಾಕಲಿಲ್ಲ. ರೋಗಿಯಾಗಿ ಮಲಗಿದಲ್ಲಿಂದಲೇ ಟೀಚರ್ ಅದನ್ನು ಕಂಡರು. ಹೇಳಿದರೆ ಹುಡುಗಿಯ ಕಥೆ ಮುಗಿಯಿತು. ಹೇಳದಿದ್ದರೆ ಕುರ್ಚಿ ಜಾರಿ ತಮ್ಮ ಸೊಂಟ ಮುರಿದೀತು, ಆಗಲೂ ಅವಳು ಫೇಲೇ. ಹಾಳಾದ ಹುಡುಗಿ, ಒಮ್ಮೆ ಕೆಳಗೆ ನೋಡಬಾರದೇ!

ವಿಜೇತಾಳ ಬೆವೆತ ಕೈಗಳು ಕಂಕುಳಡಿ ಬಂದವು. ಇನ್ನೇನು ಎತ್ತಬೇಕು, ರೂಢಿಯಂತೆ ಬಾಯಿ ತೆರೆಯಿತು.

"ಟೀಚರ್, ಹೆದರಿಕಿ... ಆಗ್ತದೇನ್ರಿ?"

ಈ ಸಲ ಟೀಚರ್ ಇಲ್ಲ ಅನ್ನಲಿಲ್ಲ.

"ಹೂಂನವ್ವಾ. ಭಾಳ ಹೆದರಿಕಿ ಆಗೇದ."

ವಿಜೇತಾ ಗಕ್ಕನೆ ನಿಂತಳು. ಅವರನ್ನು ಮೆಲ್ಲನೆ ಒರಗಿಸಿ ಮಂಚ ನೋಡಿದಳು, ಕುರ್ಚಿ ನೋಡಿದಳು, ಬಗ್ಗಿ ಬ್ರೇಕ್ ಒತ್ತಿದಳು.

"ಏನು ಹೇಳಿಕೊಟ್ಟಿರಿ?" ಪರೀಕ್ಷಕರು ಪೆನ್ನು ಎತ್ತಿದರು.

ವಿಜೇತಾ ಹಿಂದಿಯಲ್ಲಿ ತೊದಲಿದಳು. "ಸರ್, ಹೆದರಿಕೆಯಾ ಅಂತ ನಾನೇ ಕೇಳಿದ್ದು. ದಿನಾ ಇಲ್ಲ ಅಂತಿದ್ರು. ಇವತ್ತು ಹೌದು ಅಂದ್ರು."

"ಅಷ್ಟೇ?"

"ಕೇಳಿದ್ದಕ್ಕೆ ರೋಗಿ ನಿಜ ಹೇಳಿದಳು, ಸರ್," ಎಂದರು ಟೀಚರ್, ಮರಾಠಿಯಲ್ಲಿ, ಸೂರು ನೋಡುತ್ತಲೇ.

ಪರೀಕ್ಷಕರು ಅಂಕಪಟ್ಟಿಯಲ್ಲಿ ಏನೋ ಗೀಚಿದರು. ಕೊನೆಗೆ, "ಬ್ರೇಕ್ ಮರೆತದ್ದಕ್ಕೆ ಅಂಕ ಹೋಯಿತು. ಮುಂದುವರಿಸು," ಅಂದರು.

ಟೀಚರಿಗೆ ಅಳು ಒತ್ತರಿಸಿ ಬಂತು. ಲಕ್ವಾ ಹೊಡೆದ ರೋಗಿ, ಕೈಯೆತ್ತಿ ಒರೆಸಿಕೊಳ್ಳುವಂತಿಲ್ಲ. ವಿಜೇತಾಳೇ ದುಪಟ್ಟಾದ ತುದಿಯಿಂದ ಅವರ ಕಣ್ಣೊರೆಸಿ, ಕಂಕುಳಡಿ ಕೈ ಕೊಟ್ಟು ಮತ್ತೆ ಕೇಳಿದಳು.

"ಇಲ್ಲವ್ವಾ," ಅಂದರು ಟೀಚರ್. "ಎತ್ತು."