ಬಾವಿಯಲ್ಲಿ ಸಿಕ್ಕ ಪ್ರಳಯ

ತಂಗಿಯ ಗಂಡನ ಫೋನ್ ಬಂದಾಗ ನಾನು ಕಾರ್ಕಳದ ಶಾಲೆಯಲ್ಲಿ ವಿಜ್ಞಾನದ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. "ಅಕ್ಕಾ, ನಮ್ಮ ಬಾವಿಯಲ್ಲಿ ನೋಹನ ಪ್ರಳಯ ಸಿಕ್ಕಿತು!" ಎಂದ. ಇನ್ನಂಜೆಯಲ್ಲಿ ಅವರು ಹೊಸ ಬಾವಿ ತೋಡಿಸುತ್ತಿದ್ದರು. ಆಳೆತ್ತರ ಅಗೆಯುವಷ್ಟರಲ್ಲಿ ಮಣ್ಣಿನೊಳಗೆ ರಾಶಿ ರಾಶಿ ಚಿಪ್ಪು ಬಂದವಂತೆ. ಗದ್ದೆಯ ನಡುವೆ ಚಿಪ್ಪು ಎಂದರೆ ಬೈಬಲಿನಲ್ಲಿ ಇಡೀ ಭೂಮಿ ಮುಳುಗಿಸಿದ ಆ ಪ್ರಳಯವಲ್ಲದೆ ಮತ್ತೆಂತ? ಹಿಂದೆಯೇ ಒಂದು ವಿಡಿಯೊ ಕಳಿಸಿದ. ಯಾವುದೋ ಬೆಟ್ಟದ ಮೇಲೆ ದೋಣಿಯ ಆಕಾರದ ದಿಬ್ಬ, "ಇದೇ ನೋಹನ ದೋಣಿ, ವಿಜ್ಞಾನಿಗಳೇ ಒಪ್ಪಿದ್ದಾರೆ" ಎಂದು ಗುಡುಗುವ ದನಿ.

ಅವನಿಗೆ ಬೇಕಾದದ್ದು ನನ್ನ ಬಾಯಿ. ಕಲ್ಯಾಣಪುರದ ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವವಳು ನಾನು. ಮುಂದಿನ ಭಾನುವಾರ ಅಲ್ಲೊಂದು ಪ್ರದರ್ಶನ ಇತ್ತು. ಚಿಪ್ಪುಗಳನ್ನು ಮೇಜಿನ ಮೇಲಿಟ್ಟು ನಾನು ನಿಂತು ವಿವರಿಸಬೇಕಂತೆ. "ವಿಜ್ಞಾನದ ಟೀಚರೇ ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ ಅಲ್ವಾ?"

ನನಗೆ ಉರಿದದ್ದು ಅದಕ್ಕೇ. ತಿಂಗಳ ಹಿಂದೆ ಮಣಿಪಾಲದಲ್ಲಿ ರಕ್ತ ಪರೀಕ್ಷೆಗೆ ಹೋಗಿದ್ದೆ. ಸೂಜಿ ಹಿಡಿದು ಬಂದವಳು ನನ್ನ ಹಳೆಯ ಧರ್ಮಪಾಠದ ಹುಡುಗಿ. ಖುಷಿಯಿಂದ, "ನೀನೀಗ ಚರ್ಚಿನಲ್ಲಿ ಕಾಣುವುದೇ ಇಲ್ಲ ಮಾರಾಯ್ತಿ" ಎಂದೆ. ಅವಳು ನನ್ನ ತೋಳಿಗೆ ಪಟ್ಟಿ ಬಿಗಿಯುತ್ತಾ, "ಟೀಚರ್, ಕಳೆದುಹೋದ ದಿನದ ಪಾಠ ನೆನಪುಂಟಾ?" ಎಂದು ಕೇಳಿದಳು.

ನೆನಪಿಲ್ಲದೆ ಏನು? ಬೈಬಲಿನಲ್ಲಿ ಯೆಹೋಶುವನ ಯುದ್ಧ ಮುಗಿಯಲೆಂದು ಸೂರ್ಯ ಒಂದು ದಿನ ಮುಳುಗದೆ ನಿಂತ ಕಥೆ ಅದು. ಅಮೆರಿಕದ ಬಾಹ್ಯಾಕಾಶ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕಾಲದ ಲೆಕ್ಕ ಹಾಕಿದರು, ಒಂದು ದಿನ ಕಡಿಮೆ ಬಂತು, ಬೈಬಲ್ ತೆರೆದರೆ ಸರಿಹೋಯಿತು ಎಂದು ಒಂದು ಕರಪತ್ರದಲ್ಲಿ ಓದಿದ್ದೆ. ಅದನ್ನು ವರ್ಷಗಟ್ಟಲೆ ಕಣ್ಣರಳಿಸಿ ಹೇಳಿದವಳು ನಾನು. ಯಾರು ಲೆಕ್ಕ ಹಾಕಿದರು, ಎಲ್ಲಿ ಬರೆದಿಟ್ಟರು ಎಂದು ಒಮ್ಮೆಯೂ ಕೇಳಲಿಲ್ಲ. ಮಲ್ಪೆಯಲ್ಲಿ ಬಂಗುಡೆ ಮೀನಿನ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕದ ಹೆಂಗಸು ನಾನು!

"ಕಾಲೇಜಿನಲ್ಲಿ ನಾನು ಅದನ್ನು ಎಲ್ಲರೆದುರು ಹೇಳಿದೆ. ನಕ್ಕರು" ಎಂದಳು. "ನಕ್ಕದ್ದಕ್ಕೆ ಬೇಸರವಿಲ್ಲ ಟೀಚರ್. ಆ ದಿನದಿಂದ ನೀವು ಹೇಳಿದ್ದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಅಂತ ಗೊತ್ತಾಗದೆ ಹೋಯಿತು. ಆಮೇಲೆ ಚರ್ಚಿಗೆ ಬರಲಿಲ್ಲ." ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ವರದಿ ಕಳಿಸಲೆಂದು ಅವಳು ನನ್ನ ನಂಬರ್ ಬರೆದುಕೊಂಡಳು.

ಇನ್ನೊಂದು ಮಗುವನ್ನು ಹಾಗೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಶನಿವಾರ ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಇನ್ನಂಜೆಗೆ ಹೋದೆ. ಸೀರೆ ಎತ್ತಿ ಕಟ್ಟಿಕೊಂಡು ಬಾವಿಯ ಮಣ್ಣಿನ ರಾಶಿಯ ಪಕ್ಕ ಕೂತು, ಒಂದು ಬಕೆಟ್ ನೀರಿನಲ್ಲಿ ಚಿಪ್ಪು ತೊಳೆಯತೊಡಗಿದೆ. ಎಲ್ಲವೂ ಮರುವಾಯಿ, ನಾವು ಹೊಳೆಯಿಂದ ತಂದು ತೆಂಗಿನಕಾಯಿ ಹಾಕಿ ಸುಕ್ಕ ಮಾಡುವ ಅದೇ ಚಿಪ್ಪು. ಇಡೀ ಭೂಮಿ ಮುಳುಗಿದ್ದರೆ ಇದೊಂದೇ ಜಾತಿ ಇಲ್ಲಿಗೆ ಬಂದು ಸೇರಿದ್ದು ಹೇಗೆ? ಚಿಪ್ಪಿನ ನಡುವೆ ಬೂದಿಯಿತ್ತು, ಇದ್ದಿಲಿನ ತುಂಡುಗಳಿದ್ದವು. ಪ್ರಳಯದಲ್ಲಿ ಬೆಂಕಿ ಹಾಕಿದವರು ಯಾರಪ್ಪಾ?

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆ ನಿಂತು ನೋಡುತ್ತಿದ್ದರು. "ಎಂತ ಹುಡುಕುತ್ತೀರಿ ಬಾಯಮ್ಮ?" ಎಂದರು. ಹೇಳಿದೆ. ಅವರು ಬಾಯಿ ತುಂಬ ನಕ್ಕರು. "ಅದು ನಮ್ಮ ಮಾವನ ಸುಣ್ಣದ ಗುಂಡಿ ಮಾರಾಯ್ರೆ! ಹೊಳೆಯ ಚಿಪ್ಪು ತಂದು ಸುಣ್ಣ ಮಾಡಲಿಕ್ಕೆ ಇಲ್ಲೇ ಸುಡುತ್ತಿದ್ದರು. ಸರಿಯಾಗಿ ಬೇಯದ್ದನ್ನು ಆ ಗುಂಡಿಗೆ ಎಸೆಯುವುದು. ಆಮೇಲೆ ಮಣ್ಣು ಹಾಕಿ ಗದ್ದೆ ಮಾಡಿದರು. ನಾನೇ ಎಷ್ಟು ಬುಟ್ಟಿ ಹೊತ್ತಿದ್ದೇನೆ."

ತಂಗಿಯ ಗಂಡನ ಮುಖ ಸಣ್ಣದಾಯಿತು. ಆಗಲೇ ದೊಡ್ಡ ಫ್ಲೆಕ್ಸ್ ಮಾಡಿಸಿ ತಂದಿದ್ದ. "ನಾಲ್ಕು ಜನರ ನಂಬಿಕೆ ಗಟ್ಟಿಯಾಗುವುದಿದ್ದರೆ ನಿಮಗೆ ಎಂತ ಕಷ್ಟ? ಆ ಅಜ್ಜಿಯನ್ನು ಯಾರು ಕೇಳುತ್ತಾರೆ?" ಎಂದ. "ನಾನು ಕೇಳಿದೆನಲ್ಲ" ಎಂದೆ. "ಅಕ್ಕಾ, ನಿಮಗೆ ವಿಶ್ವಾಸವೇ ಇಲ್ಲ." ಆ ಮಾತು ನೋಯಿಸಿತು, ಸುಳ್ಳು ಯಾಕೆ ಹೇಳಲಿ. ಅವನು ಕೆಟ್ಟವನಲ್ಲ, ದಿನಾ ಸಂಜೆ ಮೊಣಕಾಲೂರಿ ಪ್ರಾರ್ಥಿಸುವವನು. ಆದರೂ ನಾನು ಜಗ್ಗಲಿಲ್ಲ. ತಂಗಿ ಕೊಟ್ಟ ಚಹಾ ಕುಡಿದು, ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಚಿಪ್ಪು ಕಟ್ಟಿಕೊಂಡು ಹೊರಟೆ.

ಭಾನುವಾರ ಚಿಪ್ಪು ಮೇಜಿನ ಮೇಲಿತ್ತು, ಫ್ಲೆಕ್ಸ್ ಇರಲಿಲ್ಲ. ಅಜ್ಜಿಯ ಸುಣ್ಣದ ಗುಂಡಿಯ ಕಥೆಯನ್ನು ಮಕ್ಕಳಿಗೆ ಪೂರ್ತಿ ಹೇಳಿದೆ. ಬೆಟ್ಟದ ದೋಣಿಯ ವಿಡಿಯೊ ತೋರಿಸಿ, ಒಪ್ಪಿದ ವಿಜ್ಞಾನಿ ಯಾರು, ಅಗೆದು ನೋಡಿದವರು ಯಾರು, ಬೇರೆಯವರು ಎಂತ ಹೇಳಿದರು ಎಂದು ಅವರಿಂದಲೇ ಕೇಳಿಸಿದೆ. ಒಂದಕ್ಕೂ ವಿಡಿಯೊದಲ್ಲಿ ಉತ್ತರವಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು, "ಹಾಗಾದರೆ ನೋಹನ ಕಥೆ ಸುಳ್ಳಾ ಟೀಚರ್?" ಎಂದಳು. "ಈ ಚಿಪ್ಪು ಸಾಕ್ಷಿ ಅಂತ ಹೇಳಿದ್ದು ಸುಳ್ಳು" ಎಂದೆ. "ಕಥೆಯನ್ನು ನಾನು ನಂಬುವುದು ಚಿಪ್ಪು ನೋಡಿ ಅಲ್ಲ. ಎಷ್ಟು ನೀರು ಬಂತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಇನ್ನು ಹೇಳುವುದಿಲ್ಲ."

ಕಳೆದುಹೋದ ದಿನದ ವಿಷಯವನ್ನೂ ಹೇಳಿದೆ. ಹಿಂದೆ ನಿಂತಿದ್ದ ತಂದೆತಾಯಿಯರ ಎದುರು, "ಆ ಸುಳ್ಳನ್ನು ಕಲಿಸಿದ್ದು ನಾನೇ" ಎಂದೆ. ಬಾಗಿಲ ಬಳಿ ನಿಂತಿದ್ದ ತಂಗಿಯ ಗಂಡ ಹೊರಗೆ ಹೋದ.

ಮನೆಗೆ ಬಂದು, ವರದಿ ಬಂದಿದ್ದ ನಂಬರಿಗೇ ಮಣಿಪಾಲದ ಹುಡುಗಿಗೆ ವಾಟ್ಸಾಪಿನಲ್ಲಿ ಬರೆದೆ: "ಆ ಪಾಠವನ್ನು ಇವತ್ತು ಎಲ್ಲರೆದುರು ವಾಪಸ್ ತೆಗೆದುಕೊಂಡೆ. ನಿನ್ನೆದುರು ಮೊದಲು ಮಾಡಬೇಕಿತ್ತು. ತಪ್ಪಾಯಿತು." ಓದಿದ ಗುರುತಿಗೆ ನೀಲಿ ಗೆರೆ ಎರಡೂ ಬಂದವು. ಉತ್ತರ ಇವತ್ತಿನವರೆಗೆ ಬಂದಿಲ್ಲ. ನನ್ನ ಮಾತನ್ನು ಅವಳು ಇನ್ನೊಮ್ಮೆ ಯಾಕೆ ನಂಬಬೇಕು?