ಹತ್ತು ಸಲ ಬಾಕಿ

ಹರಿಹರದಿಂದ ದಾವಣಗೆರೆಯ ಬಟ್ಟೆ ಅಂಗಡಿಗಳ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಹೆಂಗಸರಿಗೇನು ಕಡಿಮೆಯೇ? ಆದರೆ ಹೊಸ್ತಿಲಲ್ಲಿ ನಿಂತು ಮಗಳಿಗೆ 'ಹೋಗಿ ಬರ್ತೀನಿ' ಎಂದು ಹನ್ನೊಂದು ಸಲ ಹೇಳಿ ಹೊರಡಬೇಕಾದವಳು ಯಶೋದಾ ಒಬ್ಬಳೇ. ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ಒಂದು ತಪ್ಪಿದರೆ ಮತ್ತೆ ಮೊದಲಿಂದ.

ಎರಡು ವರ್ಷದ ಹಿಂದೆ ಗಂಡ ಅಂಜನಕುಮಾರ ಅವಸರದಲ್ಲಿ 'ಹೋಗ್ತೀನಿ' ಎಂದಷ್ಟೇ ಕೂಗಿ ಬೈಕ್ ಹತ್ತಿದ್ದ. ಲಾರಿ ಬಡಿದು ಹೆಣವಾಗಿ ಬಂದ. ಅತ್ತೆ ಸುಂಕಲಮ್ಮ ಎದೆ ಬಡಿದುಕೊಂಡು, "ಬರ್ತೀನಿ ಅನ್ಲಿಲ್ಲಲ್ಲೋ ನನ್ನ ಮಗನೇ!" ಎಂದು ಅತ್ತಳು. ಹೆತ್ತ ಕರುಳು, ಅವಳನ್ನೇನು ಬೈಯುವುದು? ಆದರೆ ಆ ಮಾತು ಆಗ ಏಳು ವರ್ಷದವಳಾಗಿದ್ದ ಮಗಳು ಕೃತಿಕಾಳ ಕಿವಿಗೆ ಬಿತ್ತು ನೋಡಿ! ಹುಡುಗಿ ಶಾಲೆ ಬಿಟ್ಟು, ಹನ್ನೊಂದು ಸಲ 'ಬರ್ತೀನಿ' ಹೇಳಿಸಿಕೊಂಡೇ ಅಮ್ಮನನ್ನು ಕಳಿಸಿ, ಅವಳು ಬರುವವರೆಗೂ ಹೊಸ್ತಿಲು ಕಾಯತೊಡಗಿದಳು. ಯಾರೋ ಹೇಳಿದರೆಂದು ಗಾಳಿ-ದೆವ್ವ ಬಿಡಿಸುವ ಉಕ್ಕಡಗಾತ್ರಿಯ ಗುಡಿಗೆ ಹೋಗಿಬಂದದ್ದೂ ಆಯಿತು.

ಆಮೇಲೆ ದಾವಣಗೆರೆಯಲ್ಲಿ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ಮಹೀನ್ ಮೇಡಂ ಹತ್ತಿರ ಎಂಟು ವಾರ ತಿರುಗಿದರು. ಅಮ್ಮ ಹೊರಟ ಮೇಲೆ ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಐದೈದು ನಿಮಿಷಕ್ಕೆ ಬರೆಯಲು ಮೇಡಂ ಕೃತಿಕಾಳಿಗೆ ನೋಟ್‌ಬುಕ್ ಕೊಟ್ಟರು. ಯಶೋದಾಗೆ ಹೇಳಿದ್ದು ಇಷ್ಟೇ: "ಸೋಮವಾರದಿಂದ ಒಂದೇ ಸಲ ಹೇಳಿ ಹೊರಡ್ರಿ. ಭಯ ಏರ್ತೈತೆ, ಆಮೇಲೆ ತಾನಾಗೇ ಇಳೀತೈತೆ. ಇಳಿಯೋದನ್ನ ಅವಳೇ ಕಾಣ್ಬೇಕು. ಏನೇ ಆದ್ರೂ ನಡುವೆ ತಿರುಗಿ ಬರಬ್ಯಾಡ್ರಿ. ಇದೊಂದು ದಾಟಿದ್ರೆ ಹುಡುಗಿ ಶಾಲೆಗೆ ಹೋಗ್ತಾಳೆ."

ಸೋಮವಾರ ಯಶೋದಾ ಒಂದೇ ಸಲ ಹೇಳಿದಳು. ಕೃತಿಕಾ ಅಳಲಿಲ್ಲ, ಕೂಗಲಿಲ್ಲ. ಅಜ್ಜಿಯ ಪಕ್ಕ ನೋಟ್‌ಬುಕ್ ಹಿಡಿದು ಕೂತಳು.

ಕೂಗಿದ್ದರೇ ಚೆನ್ನಾಗಿತ್ತೇನೋ! ಬಸ್ ಸ್ಟ್ಯಾಂಡಿನಲ್ಲಿ ಯಶೋದಾ ಬೆರಳು ಮಡಚಿ ಎಣಿಸತೊಡಗಿದಳು. ಇನ್ನೂ ಹತ್ತು ಸಲ ಬಾಕಿ ಉಳಿಯಿತಲ್ಲ! ಮಗಳಿಗೆಂದು ಹೇಳುತ್ತಿದ್ದ ಮಾತು ತನ್ನನ್ನೇ ಹಿಡಿದುಕೊಂಡಿದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ದಾವಣಗೆರೆ ಬಸ್ ಬಂತು, ಅದರ ಹಿಂದೆಯೇ ಒಂದು ಲಾರಿ ಬಂತು. ಮುಗಿಯಿತು. ಯಶೋದಾ ಬಿದ್ದೆದ್ದು ಮನೆಗೆ ಓಡಿದಳು.

"ಹೋಗಿ ಬರ್ತೀನಿ, ಹೋಗಿ ಬರ್ತೀನಿ ಕಣವ್ವಾ..." ಬಾಗಿಲಲ್ಲೇ ಮಗಳನ್ನು ತಬ್ಬಿಕೊಂಡು ಒಂದೇ ಸಮನೆ ಹೇಳಿದಳು.

"ನಾನು ಕರ್ದೇ ಇಲ್ಲಲ್ಲಮ್ಮ," ಎಂದಳು ಕೃತಿಕಾ. ನೋಟ್‌ಬುಕ್ಕಿನಲ್ಲಿ ಒಂಬತ್ತು, ಒಂಬತ್ತು, ಏಳು, ನಾಲ್ಕು ಎಂದಿತ್ತು. ಅಮ್ಮನ ಬೆವೆತ ಮುಖವನ್ನೇ ಅವಳು ನೋಡಿದಳು. "ಯಾಕ ಓಡಿ ಬಂದಿ? ಹಂಗಾದ್ರೆ ಒಂದ್ಸಲ ಹೇಳಿದ್ರೆ ಸಾಲಲ್ಲ, ಅಲ್ಲೇನು?"

ಕೃತಿಕಾ ಪೆನ್ಸಿಲ್ ತೆಗೆದುಕೊಂಡು ನಾಲ್ಕರ ಕೆಳಗೆ ಹತ್ತು ಎಂದು ಬರೆದಳು.