ದೊಡ್ಡಬೆಟ್ಟದ ಮಂಜಿನಲ್ಲಿ ಹಿಡಿದ ಕೈ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ದೆವ್ವ ಎದುರಿಗೆ ಬಂದರೆ ಕೂರಿಸಿ ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತೇನೆ ಎಂದು ತಮಾಷೆ ಮಾಡುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ತೊಂಬತ್ತರ ದಶಕದಲ್ಲಿ ಊಟಿಗೆ ಹೋದ ದಿನ ನಡೆದದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಗ ನಾವು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನಲ್ಲಿದ್ದೆವು. ನನ್ನ ನಾದಿನಿ ಮಂಜುಳಾಗೆ ನರಸೀಪುರದ ಕಡೆ ಗಂಡು ಗೊತ್ತಾಗಿ ಮದುವೆ ಹತ್ತಿರ ಬಂದಿತ್ತು. ನಂಜನಗೂಡಿಗೆ ಕಾಲೇಜಿಗೆಂದು ಹೋಗುವಾಗ ಊಟಿ ಬಸ್ಸನ್ನು ದಿನವೂ ನೋಡಿದ್ದವಳು, ಒಂದು ದಿನವೂ ಹತ್ತಿದವಳಲ್ಲ. ಮದುವೆಗೆ ಮುಂಚೆ ಒಂದು ಸಲ ತೋರಿಸು ಎಂದು ಅಣ್ಣನಿಗೆ ದುಂಬಾಲು ಬಿದ್ದಳು. ನನ್ನ ಯಜಮಾನರು ತಂಗಿಯ ಮಾತಿಗೆ ಇಲ್ಲ ಎಂದವರೇ ಅಲ್ಲ.

ಅತ್ತೆಗೆ ಮಾತ್ರ ಸುತರಾಂ ಇಷ್ಟವಿರಲಿಲ್ಲ. ಹೊರಡುವವರು ಮೂವರು ಎಂಬುದೇ ಅವರ ತಕರಾರು. ನಮ್ಮ ಮನೆಗಳಲ್ಲಿ ಮೂರು ಜನ ಒಟ್ಟಿಗೆ ಪ್ರಯಾಣ ಹೊರಡುವುದಿಲ್ಲ. ಹೊರಡಲೇಬೇಕಾಗಿ ಬಂದರೆ ಒಂದು ಕಲ್ಲನ್ನು ಜೊತೆಗಿಟ್ಟುಕೊಂಡು ಅದನ್ನೇ ನಾಲ್ಕನೆಯವನೆಂದು ಲೆಕ್ಕ ಹಿಡಿಯುತ್ತಾರೆ. ಅತ್ತೆ ಅಂಗಳದಲ್ಲಿ ಹುಡುಕಿ ಒಂದು ನುಣುಪು ಕಲ್ಲನ್ನು ತಂದು ನನ್ನ ಕೈಗಿತ್ತರು.

“ಇದ ಮಡೀಕೊ ಕಣವ್ವ. ಇವ್ನೇ ನಾಕ್ನೇಯವ. ಎಲ್ಲೂ ಬುಟ್ಬುಟ್ಟು ಬರ್ಬ್ಯಾಡ. ಮಗೀನ ನಿನ್ ಕೈಗೆ ಒಪ್ಸಿವ್ನಿ, ಉಸಾರು.”

ಊಟಿಯಲ್ಲಿ ಹೂದೋಟ ನೋಡಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು, ಕೆರೆಯಲ್ಲಿ ದೋಣಿ ಹತ್ತಿದೆವು. ಯಜಮಾನರಿಗೆ ಅಲ್ಲಿ ತಮಾಷೆ ಹೊಳೆಯಿತು. ನನ್ನ ಬ್ಯಾಗಿನಿಂದ ಕಲ್ಲನ್ನು ತೆಗೆದು, “ಇವ್ನು ಟಿಕೆಟ್ ಇಲ್ದೆ ಬಂದವ್ನೆ, ಇಳೀಲಿ” ಎಂದು ನೀರಿಗೆ ಎಸೆದುಬಿಟ್ಟರು. ಮಂಜುಳಾ ಬಿದ್ದುಬಿದ್ದು ನಕ್ಕಳು. ನನಗೂ ನಗು ಬಂತು.

ಮಧ್ಯಾಹ್ನ ವ್ಯಾನು ಹಿಡಿದು ದೊಡ್ಡಬೆಟ್ಟಕ್ಕೆ ಹೋದೆವು. ಯಜಮಾನರು ಜೋಳ ಸುಡುವವನ ಹತ್ತಿರ ಹೋಗಿದ್ದರು. ನಾವಿಬ್ಬರು ಬೇಲಿಯ ಈಚೆ ನಿಂತು ಕೆಳಗಿನ ಊರು ನೋಡುತ್ತಿದ್ದಾಗ ಮಂಜು ಮೇಲೇರಿ ಬಂತು. ನೋಡನೋಡುತ್ತಿದ್ದಂತೆ ಪಕ್ಕದವರ ಮುಖವೂ ಕಾಣದಷ್ಟು ದಟ್ಟವಾಯಿತು. “ಅಲ್ಲೇ ನಿಂತಿರು ಮಂಜುಳಾ” ಎಂದೆ. ಚಳಿಗೆ ನನ್ನ ಎರಡು ಕೈಗಳೂ ಶಾಲಿನೊಳಗಿದ್ದವು. ಸ್ವಲ್ಪ ಹೊತ್ತಿಗೆ ಕೈ ಚಾಚಿ ತಡವಿದರೆ ಅವಳಿಲ್ಲ.

ಕೂಗಿದೆ. ಉತ್ತರವಿಲ್ಲ. ಮತ್ತೆ ಮತ್ತೆ ಕೂಗಿದೆ. ನನ್ನ ಧ್ವನಿ ಕೇಳಿ ಯಜಮಾನರು ಓಡಿ ಬಂದರು, ಅವರೂ ಕೂಗಿದರು. ಅಕ್ಕಪಕ್ಕದಲ್ಲಿ ಯಾರ್ಯಾರೋ ತಮಿಳಿನಲ್ಲಿ ಮಾತಾಡುತ್ತಿದ್ದರು, ಅವಳ ಸದ್ದು ಮಾತ್ರ ಇಲ್ಲ. ನನ್ನ ಕೈಗೆ ಒಪ್ಪಿಸಿದ ಹುಡುಗಿ. ಮನೆಗೆ ಹೋಗಿ ಏನೆಂದು ಹೇಳಲಿ?

ಮಂಜು ತೆಳುವಾದಾಗ ಕಂಡಳು. ಬೇಲಿಯ ಆಚೆ, ಇಳಿಜಾರು ಕಡಿದಾಗಿ ಇಳಿಯುವ ಅಂಚಿನಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದಳು. ಬಲಗೈ ಪಕ್ಕಕ್ಕೆ ಚಾಚಿತ್ತು, ಯಾರೋ ಹಿಡಿದುಕೊಂಡ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಜಮಾನರು ಸದ್ದು ಮಾಡದೆ ಬೇಲಿ ದಾಟಿ ಹೋಗಿ ಅವಳ ಭುಜ ಹಿಡಿದು ಎಳೆದರು.

ಅವಳು ಹೆದರಿರಲಿಲ್ಲ. ನನ್ನನ್ನು ಕಂಡು ಆಶ್ಚರ್ಯಪಟ್ಟಳು.

“ಅತ್ಗೆ, ನೀವ್ ಅಲ್ಲಿಗೆ ಯಾವಾಗ್ ಓದ್ರಿ? ಈಗ್ ತಾನೆ ನನ್ ಕೈ ಇಡ್ಕೊಂಡು ಕರ್ಕೊಂಡ್ ಬಂದ್ರಲ್ಲ! ನಿಮ್ ಕೈ ಯಾಕೆ ಅಷ್ಟೊಂದ್ ತಣ್ಣಗಿತ್ತು? ನೀರಲ್ ಅದ್ದಿ ತಗ್ದಂಗೆ?”

ಬೇಲಿಯನ್ನು ಹೇಗೆ ದಾಟಿದಳೆಂಬುದು ಅವಳಿಗೇ ಗೊತ್ತಿರಲಿಲ್ಲ. ಎತ್ತರದ ಜಾಗ, ತಲೆ ಸುತ್ತಿದೆ ಎಂದರು ಯಜಮಾನರು. ನಾನೂ ಹೌದೆಂದೆ. ವಾಪಸು ಬರುವಾಗ ಬಸ್ಸು ನಂಜನಗೂಡು ತಲುಪುವವರೆಗೆ ನಾನು ಮಂಜುಳಾಳ ಮಣಿಕಟ್ಟು ಬಿಡಲಿಲ್ಲ. ಮನೆಯಲ್ಲಿ ಅತ್ತೆ ಊಟಿ ಹೇಗಿತ್ತೆಂದು ಕೇಳಲೇ ಇಲ್ಲ. ನಮ್ಮ ಮುಖಗಳನ್ನು ನೋಡಿ, “ಕಲ್ಲೆಲ್ಲವ್ವ?” ಎಂದರು.

ಮದುವೆ ಚೆನ್ನಾಗಿಯೇ ಆಯಿತು. ಆ ವಿಷಯವನ್ನು ನಾವು ಮತ್ತೆ ಎತ್ತಲಿಲ್ಲ. ಅಂಚಿನಲ್ಲಿದ್ದವಳನ್ನು ಬೀಳದಂತೆ ಯಾವುದೋ ಕಾಪಾಡಿತು ಎಂದು ನಾನು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ.

ಎಷ್ಟೋ ವರ್ಷಗಳ ಮೇಲೆ, ಹೊಸ ಶತಮಾನ ಬಂದಾದ ಮೇಲೆ, ಒಂದು ದಿನ ಮಂಜುಳಾ ನರಸೀಪುರದಿಂದ ಫೋನು ಮಾಡಿದಳು. ಮಗಳ ಸ್ಕೂಲಿನವರು ಊಟಿಗೆ ಟೂರ್ ಹೊರಟಿದ್ದರಂತೆ, ಮಗು ಹಟ ಹಿಡಿದಿತ್ತಂತೆ. ನಾನು ಧೈರ್ಯ ಹೇಳಿದೆ. ಅವತ್ತು ನಿನ್ನನ್ನು ಹಿಡಿದದ್ದು ಒಳ್ಳೆಯದೇ ಇರಬೇಕು, ಇಲ್ಲದಿದ್ದರೆ ನೀನು ಉಳಿಯುತ್ತಿದ್ದೆಯಾ ಎಂದೆ.

“ಒಂದ್ ಮಾತ ನಿಮ್ಗೆ ಯೋಳಿರ್ನಿಲ್ಲ ಅತ್ಗೆ. ನೀವ್ ಕೂಗಿದ್ದು ನಂಗೆ ಕೇಳುಸ್ತಿತ್ತು. ಬರಾವ ಅಂತ ತಿರುಗ್ತಿದ್ದೆ. ನೀವ್ ಕೂಗ್ದಾಗೆಲ್ಲ ಆ ಕೈ ಇನ್ನೂ ಬಿಗಿಯಾಗ್ತಿತ್ತು. ಈಗ ಯೋಳಿ, ಮಗೀನ ಕಳುಸ್ಲಾ, ಬ್ಯಾಡ್ವಾ?”

ಬೀಳದಿರಲಿ ಎಂದು ಬಿಗಿಯಾಯಿತೋ, ನಮಗೆ ಬಿಟ್ಟುಕೊಡಬಾರದೆಂದು ಬಿಗಿಯಾಯಿತೋ? ಅದೊಂದು ಗೊತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಫೋನು ಹಿಡಿದುಕೊಂಡು ನಿಂತೇ ಇದ್ದೆ. “ಅತ್ಗೆ, ಇದ್ದೀರಾ?” ಎಂದು ಆ ಕಡೆಯಿಂದ ಅವಳು ಕೇಳುತ್ತಲೇ ಇದ್ದಳು.